ಅಲ್ಪಕಾಲದಲ್ಲಿ ಪಾಠಗಳ ಪುನರಾವರ್ತನೆ

ಪರೀಕ್ಷೆಗೆ ಮೂರು ವಾರಗಳು ಮಾತ್ರ ಉಳಿದಿರುವಾಗ ನಮ್ಮ ಬಳಿಗೆ ಬರುವ ತಾಯಿತಂದೆಗಳ ಪ್ರಶ್ನೆಯು ವರ್ಷವರ್ಷವೂ ಒಂದೇ ಆಗಿರುವದು: “ಹುಡುಗಿಯು ಹಗಲಿರುಳು ಪುಸ್ತಕವನ್ನು ಹಿಡಿದೇ ಇರುತ್ತಾಳೆ, ಆದರೂ ಕೇಳಿದರೆ ಒಂದೂ ಬಾರದು. ಇನ್ನು ಮಾಡತಕ್ಕದ್ದೇನು?” ಈ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಪೂರ್ಣವಾಗಿ ಉತ್ತರ ಕೊಡಲು ಸಾಧ್ಯವಾಗುವದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರಾಗಿದ್ದಾರೆ. ಆದಕಾರಣ ಅವರಿಗೂ ಇತರ ಪಾಲಕರಿಗೂ ಉಪಯೋಗವಾಗಲೆಂದು ಈ ಲೇಖನವನ್ನು ಬರೆಯುತ್ತೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳುವದು ನ್ಯಾಯ. ನಾವು ಉಪಾಧ್ಯಾಯಿನಿಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ನೀರು ತರುವದು, ತಮ್ಮ ತಂಗಿಯರನ್ನು ನೋಡಿಕೊಳ್ಳುವದು, ಅಡಿಗೆಗೆ ನೆರವಾಗುವದು ಇವೆಲ್ಲವೂ ಅವಳ ಪಾಲಿಗಿದ್ದುದರಿಂದ ಓದಲು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಸಿಕ್ಕುತ್ತಿರಲಿಲ್ಲ. “ಪ್ರತಿಯೊಂದು ಪಾಠವನ್ನೂ ಐದೈದು ಸಾರಿ ಓದು” ಎಂದು ನಾವು ಅವಳಿಗೆ ವಿಧಿಸಿದೆವು. ಅವಳು ಅಕ್ಷರಶಃ ಹಾಗೆಯೇ ಮಾಡಿದಳು. ಪುಸ್ತಕದಲ್ಲಿ ಗೆರೆಯೆಳೆಯದ ಸಾಲೇ ಉಳಿದಿರಲಿಲ್ಲ. ಆದರೆ ಪರೀಕ್ಷೆಯಲ್ಲಿ ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಯನ್ನು ಡಾಲ್‌ಹೌಸಿಯ ಹೆಸರಿಗೂ, ಡಾಲ್‌ಹೌಸಿಯ ದತ್ತುನಿಷೇಧ ನೀತಿಯನ್ನು ವೆಲ್ಲೆಸ್ಲಿಯ ಹೆಸರಿಗೂ ಬರೆದಳು. ಇಂತಹ ಗೊಂದಲಗಳಿಂದಲೇ ಆ ವಿಷಯದಲ್ಲಿ ತೇರ್ಗಡೆಯಾಗಲಿಲ್ಲ. “ನೀನು ಮನಸ್ಸಿಟ್ಟು ಓದಲಿಲ್ಲ” ಎಂದು ನಾವು ಗದರಿಸಿದೆವು. ಅವಳು ಮರಳಿ ಪರೀಕ್ಷೆಗೆ ಕೂಡ್ರಲಿಲ್ಲ. ಹೊಲಿಗೆಯ ಅಂಗಡಿಗೆ ಕೆಲಸಕ್ಕೆ ಹೋದಳೆಂದು ಆಮೇಲೆ ತಿಳಿಯಿತು. ತಪ್ಪು ಅವಳದಲ್ಲ, ನಾವು ಹೇಳಿಕೊಟ್ಟ ರೀತಿಯದೆಂದು ನಮಗೆ ಅರ್ಥವಾದದ್ದು ಬಹಳ ತಡವಾಗಿ.

ಒಂದು ಪಾಠವನ್ನು ಮೂರನೆಯ ಸಾರಿ ಓದುವಾಗ ಪ್ರತಿಯೊಂದು ವಾಕ್ಯವೂ ಪರಿಚಿತವಾಗಿ ಕಾಣುವದು. ಈ ಪರಿಚಯವನ್ನೇ ನಾವು ಜ್ಞಾನವೆಂದು ಭ್ರಮಿಸುತ್ತೇವೆ. ದಾರಿಯಲ್ಲಿ ದಿನವೂ ಕಾಣುವವರ ಮುಖವನ್ನು ಗುರುತಿಸುವದು ಬೇರೆ. ಅವರ ಹೆಸರನ್ನು ಕೇಳಿದಾಗ ಹೇಳುವದು ಬೇರೆ. ಪರೀಕ್ಷೆಯು ಹೆಸರನ್ನೇ ಕೇಳುತ್ತದೆ. ಆದಕಾರಣ ಪುಸ್ತಕವನ್ನು ಮುಚ್ಚಿ ನೆನಪಿಗೆ ತಂದುಕೊಳ್ಳುವ ಅಭ್ಯಾಸವೇ ನಿಜವಾದ ಪುನರಾವರ್ತನೆ.

ಇದು ಕೇವಲ ನಮ್ಮ ಅಭಿಪ್ರಾಯವಲ್ಲ. ಅಮೇರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಪಂಡಿತರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದಿದರು. ಬೇರೆ ಕೆಲವರು ಒಂದು ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಅದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ತರುವಾಯ ಓದಿದವರೇ ಮುಂದಿದ್ದರು. ಆದರೆ ಒಂದು ವಾರ ಕಳೆದ ಮೇಲೆ ಅವರ ನೆನಪಿನಲ್ಲಿ ಉಳಿದದ್ದು ನೂರಕ್ಕೆ ಸುಮಾರು 40. ನೆನಪಿನಿಂದ ಬರೆದವರಲ್ಲಿ ಸುಮಾರು 61. ವಿಚಿತ್ರವೇನೆಂದರೆ, ತಮಗೆ ಹೆಚ್ಚು ನೆನಪಿರುವದೆಂದು ನಂಬಿದ್ದವರು ಪುನಃಪುನಃ ಓದಿದವರೇ!

ಎರಡನೆಯ ಸಂಗತಿಯು ಇದಕ್ಕಿಂತಲೂ ಹಳೆಯದು. ಜರ್ಮನ್ ವಿದ್ವಾಂಸನಾದ ಹೆರ್ಮನ್ ಎಬ್ಬಿಂಗ್‌ಹೌಸನು ಅರ್ಥವಿಲ್ಲದ ಅಕ್ಷರಸಮೂಹಗಳನ್ನು ತಾನೇ ಬಾಯಿಪಾಠ ಮಾಡಿ, ಮರವೆಯ ಗತಿಯನ್ನು ಅಳೆದು, 1885ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಮರವೆಯು ಮೊದಲ ಗಂಟೆಗಳಲ್ಲಿ ಅತಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುವದೆಂದು ಅವನು ತೋರಿಸಿದನು. ಇನ್ನೊಂದು ಮಾತನ್ನೂ ಅವನು ಕಂಡುಕೊಂಡನು: ಮೂರು ದಿನಗಳಲ್ಲಿ ಹಂಚಿ ಮಾಡಿದ 38 ಆವೃತ್ತಿಗಳು ಒಂದೇ ದಿನದಲ್ಲಿ ಒಟ್ಟಾಗಿ ಮಾಡಿದ 68 ಆವೃತ್ತಿಗಳಷ್ಟೇ ಫಲವನ್ನು ಕೊಟ್ಟವು. ಕಾಲವು ಕಡಿಮೆಯಿದ್ದವಳಿಗೆ ಇದಕ್ಕಿಂತ ಶುಭವಾರ್ತೆ ಬೇರೊಂದಿಲ್ಲ.

ಇನ್ನು ಇದನ್ನು ನಡೆಯಿಸುವ ಕ್ರಮವನ್ನು ನೋಡೋಣ. ಮೂರು ವಾರಗಳೆಂದರೆ 21 ದಿನಗಳು. ದಿನಕ್ಕೆ ಎರಡೇ ಗಂಟೆಗಳೆಂದರೂ 40 ನಿಮಿಷಗಳ ಮೂರು ಪಾಳಿಗಳು. ಒಟ್ಟು 63 ಪಾಳಿಗಳಾದವು. ಅವುಗಳಲ್ಲಿ ಮೂರನ್ನು ಜ್ವರ, ನೆಂಟರು, ದೀಪವಿಲ್ಲದ ರಾತ್ರಿ ಮುಂತಾದ ವಿಘ್ನಗಳಿಗೆ ಮೀಸಲಿಡಬೇಕು. ಉಳಿದ 60ನ್ನು ಆರು ವಿಷಯಗಳಿಗೆ ಸಮಸಮವಾಗಿ ಹಂಚಕೂಡದು. ಪ್ರತಿಯೊಂದು ವಿಷಯದ ಪಾಠಗಳನ್ನು ಮೂರು ಗುಂಪು ಮಾಡಿರಿ: ನೋಡದೆ ಹೇಳಬಲ್ಲವುಗಳು, ಅರ್ಧ ಬರುವವುಗಳು, ಏನೂ ಬಾರದವುಗಳು. ಹೆಚ್ಚಿನ ಪಾಳಿಗಳು ನಡುವಣ ಗುಂಪಿಗೆ ಸಲ್ಲತಕ್ಕವು, ಯಾಕಂದರೆ ಅಲ್ಲಿ ಸ್ವಲ್ಪ ಶ್ರಮಕ್ಕೆ ಹೆಚ್ಚು ಫಲವಿದೆ. ಮೂರನೆಯ ಗುಂಪಿನಲ್ಲಿ ಮುಖ್ಯವಾದ ಕೆಲವನ್ನು ಮಾತ್ರ ಆರಿಸಿಕೊಂಡು, ಉಳಿದವುಗಳನ್ನು ಧೈರ್ಯದಿಂದ ಬಿಡಬೇಕು. ಎಲ್ಲವನ್ನೂ ಹಿಡಿಯಹೋದವಳ ಕೈಗೆ ಯಾವದೂ ಸಿಕ್ಕುವದಿಲ್ಲ.

ಪ್ರತಿ ಪಾಳಿಯ ಕ್ರಮ ಹೀಗಿರಲಿ. ಮೊದಲ ಹತ್ತು ನಿಮಿಷ ಪುಸ್ತಕವನ್ನು ಮುಚ್ಚಿ, ಆ ಪಾಠದಲ್ಲಿ ಬಂದಷ್ಟನ್ನು ಹಲಗೆಯ ಮೇಲೋ ಹಳೆಯ ಕಾಗದದ ಮೇಲೋ ಬರೆಯಬೇಕು. ಮುಂದಿನ ಹತ್ತು ನಿಮಿಷ ಪುಸ್ತಕವನ್ನು ತೆರೆದು ತಪ್ಪಿದ್ದನ್ನೂ ಬಿಟ್ಟುಹೋದದ್ದನ್ನೂ ಗುರುತುಮಾಡಬೇಕು. ಆಮೇಲೆ ಹದಿನೈದು ನಿಮಿಷ ಆ ಭಾಗಗಳನ್ನು ಮಾತ್ರ ಓದಬೇಕು. ಕಡೆಯ ಐದು ನಿಮಿಷ ಮತ್ತೆ ಪುಸ್ತಕ ಮುಚ್ಚಿ ಅವುಗಳನ್ನು ಬಾಯಲ್ಲಿ ಹೇಳಬೇಕು. ಅದೇ ಪಾಠವನ್ನು ಮರುದಿನ ಐದು ನಿಮಿಷ, ನಾಲ್ಕು ದಿನಗಳ ಮೇಲೆ ಒಂದು ಸಾರಿ, ವಾರದ ಮೇಲೆ ಇನ್ನೊಂದು ಸಾರಿ ಕೇಳಿಕೊಳ್ಳಬೇಕು. ನೀರು ಸೇದುವಾಗಲೂ ಪಾತ್ರೆ ತೊಳೆಯುವಾಗಲೂ ಇದನ್ನು ಮಾಡಬಹುದು. ಇದಕ್ಕೆ ಪುಸ್ತಕವೇ ಬೇಡ.

ಗಣಿತದಲ್ಲಿ ಒಂದೆಚ್ಚರಿಕೆ. ಒಂದೇ ಬಗೆಯ ಹತ್ತು ವರ್ಗಸಮೀಕರಣಗಳನ್ನು ಸಾಲಾಗಿ ಬಿಡಿಸಿದರೆ ಮೂರನೆಯದರಿಂದ ಮುಂದೆ ಕೈ ಮಾತ್ರ ನಡೆಯುವದು, ಬುದ್ಧಿಯು ನಿದ್ರಿಸುವದು. ಪ್ರಶ್ನಪತ್ರಿಕೆಯಲ್ಲಾದರೋ ಸಮೀಕರಣದ ಬೆನ್ನಿಗೆ ಸಮಾಂತರ ಶ್ರೇಢಿ, ಅದರ ಬೆನ್ನಿಗೆ ತ್ರಿಭುಜದ ಪ್ರಮೇಯ ಬರುವವು. ಯಾವ ಲೆಕ್ಕಕ್ಕೆ ಯಾವ ಸೂತ್ರವೆಂದು ಆರಿಸುವದೇ ಅಲ್ಲಿಯ ಕಷ್ಟ. ಆದಕಾರಣ ಲೆಕ್ಕಗಳನ್ನು ಬೆರೆಸಿಯೇ ಅಭ್ಯಾಸಮಾಡತಕ್ಕದ್ದು.

ನಿದ್ರೆಗೆಟ್ಟು ಓದುವದು ಲಾಭವೆಂಬ ನಂಬಿಕೆಯನ್ನು ಬಿಡಬೇಕು. ಹಗಲಲ್ಲಿ ಕಲಿತದ್ದು ಮನಸ್ಸಿನಲ್ಲಿ ನೆಲೆಗೊಳ್ಳುವದಕ್ಕೆ ನಿದ್ರೆಯೂ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಕದ್ದ ಮೂರು ಗಂಟೆಗಳನ್ನು ಮರುದಿನದ ಮೂರು ಗಂಟೆಗಳು ಬಡ್ಡಿಸಹಿತ ವಸೂಲುಮಾಡುವವು.

ಕೊನೆಗೆ ಪಾಲಕರಿಗೆ ಒಂದು ಮಾತು. ಮಗಳಿಗೆ ಕಾಲವು ಕಡಿಮೆಯಾದದ್ದು ಬಹುಸಾರಿ ಅವಳ ಆಲಸ್ಯದಿಂದಲ್ಲ. ಮನೆಯ ಕೆಲಸದಲ್ಲಿ ಅಣ್ಣತಮ್ಮಂದಿರಿಗೆ ಬಾರದ ಪಾಲು ಅವಳಿಗೆ ಬಂದದ್ದರಿಂದ. ಈ ಮೂರು ವಾರವಾದರೂ ಆ ಪಾಲನ್ನು ಎಲ್ಲರೂ ಹಂಚಿಕೊಳ್ಳಿರಿ. ಓದುಬರಹ ಬಾರದ ತಾಯಿಯೂ ಸಹಾಯ ಮಾಡಬಲ್ಲಳು: “ಈ ದಿನ ಕಲಿತದ್ದನ್ನು ನನಗೆ ಹೇಳು” ಎಂದು ಕೇಳಿದರೆ ಸಾಕು. ಮಗಳು ತಡವರಿಸಿದ ಸ್ಥಳವೇ ಮರುದಿನದ ಪಾಠ. ಆಗ ಗದರಿಸಬೇಡಿರಿ. ಒಮ್ಮೆ ಗದರಿಸಿ, ಆ ಮಾತನ್ನು ಹಿಂದೆಗೆದುಕೊಳ್ಳುವ ಸಂದರ್ಭವೇ ದೊರೆಯದೆ ಹೋದವರು ಇದನ್ನು ನಿಮಗೆ ಹೇಳುತ್ತಿದ್ದೇವೆ.