ಎರಡು ಔಷಧಗಳ ತುಲನೆ

ಮಿದುಳು ಮತ್ತು ಬೆನ್ನುಹುರಿಗಳ ನರತಂತುಗಳ ಮೇಲೆ, ವಿದ್ಯುತ್ ತಂತಿಗೆ ರಬ್ಬರಿನ ಕವಚವಿರುವಂತೆ, ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿರುತ್ತದೆ. ರೋಗಾಣುಗಳಿಂದ ದೇಹವನ್ನು ಕಾಪಾಡಬೇಕಾದ ರಕ್ಷಣಾವ್ಯವಸ್ಥೆಯೇ ಈ ಹೊದಿಕೆಯನ್ನು ಆಕ್ರಮಿಸಿದರೆ ನರಗಳ ಸಂಕೇತಗಳಿಗೆ ಅಡ್ಡಿಯುಂಟಾಗುತ್ತದೆ. ದೃಷ್ಟಿ ಮಂದವಾಗಬಹುದು, ಕಾಲುಗಳು ಬಲಗುಂದಬಹುದು. ಈ ವ್ಯಾಧಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು. ಹೆಚ್ಚಾಗಿ ತಾರುಣ್ಯದಲ್ಲಿಯೇ ತೋರುವ ಇದು, ಬಹುಮಂದಿಯಲ್ಲಿ ಕೆಲಕಾಲ ತಗ್ಗಿ ಮತ್ತೆ ಮರುಕಳಿಸುತ್ತದೆ.

೧೯೯೩ರಲ್ಲಿ ಅಮೆರಿಕದಲ್ಲಿ ಬೀಟಾ ಇಂಟರ್‌ಫೆರಾನ್ ಮನ್ನಣೆ ಪಡೆದ ತರುವಾಯ ಈ ವ್ಯಾಧಿಗೆ ಅನೇಕ ಔಷಧಗಳು ಬಂದಿವೆ. ಒಂದು ಫಲಿಸದಿದ್ದರೆ ಮತ್ತಾವುದನ್ನು ಕೊಡಬೇಕು? ೨೦೦೬ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ನಟಾಲಿಜುಮ್ಯಾಬ್ ಎಂಬ ಔಷಧವು, ಹುಸಿಮದ್ದಿಗೆ ಹೋಲಿಸಿದಾಗ, ಮರುಕಳಿಕೆಗಳನ್ನು ಶೇಕಡಾ ೬೮ರಷ್ಟು ತಗ್ಗಿಸಿತು. ೨೦೧೦ರ ಇನ್ನೊಂದರಲ್ಲಿ ಫಿಂಗೋಲಿಮಾಡ್ ಸುಮಾರು ಶೇಕಡಾ ೫೪ರಷ್ಟು. ಇಷ್ಟರಿಂದ ಮೊದಲನೆಯದೇ ಮೇಲೆಂದು ತೀರ್ಮಾನಿಸಲಾಗದು. ಎರಡರಲ್ಲಿಯೂ ರೋಗಿಗಳು ಬೇರೆ, ಕಾಲ ಬೇರೆ. ಉದ್ದ, ದಪ್ಪಗಳು ಸಮವಲ್ಲದ ಎರಡು ತಂತಿಗಳ ವಿದ್ಯುತ್ ರೋಧವನ್ನು ಅಳೆದು ತಾಮ್ರ, ಕಬ್ಬಿಣಗಳ ಗುಣವನ್ನು ನಿರ್ಣಯಿಸಿದಂತಾಗುತ್ತದೆ.

ರೋಗಿಗಳಿಗೆ ಚೀಟಿಯೆತ್ತಿದಂತೆ ಎರಡು ಔಷಧಗಳನ್ನು ಹಂಚಿ ನೋಡುವುದು ಉತ್ತಮ ಮಾರ್ಗ. ಅಂಥ ಪರೀಕ್ಷೆ ನಡೆಯದಿದ್ದಾಗ ಚಿಕಿತ್ಸಾಲಯಗಳ ದಾಖಲೆಗಳೇ ಗತಿ. ಆದರೆ ಅಲ್ಲೊಂದು ತೊಡಕಿದೆ: ವ್ಯಾಧಿ ಉಗ್ರವಾಗಿರುವವರಿಗೆ ವೈದ್ಯರು ಪ್ರಬಲವಾದ ಔಷಧವನ್ನೇ ಆರಿಸುತ್ತಾರೆ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ‘ಅ’ ಔಷಧವನ್ನು ೮೦ ಮಂದಿ ಸೌಮ್ಯ ರೋಗಿಗಳೂ ೨೦ ಮಂದಿ ಉಗ್ರ ರೋಗಿಗಳೂ ಸೇವಿಸುತ್ತಾರೆ. ‘ಆ’ ಔಷಧವನ್ನು ೨೦ ಮಂದಿ ಸೌಮ್ಯ, ೮೦ ಮಂದಿ ಉಗ್ರ ರೋಗಿಗಳು. ಒಂದು ವರ್ಷದೊಳಗೆ ‘ಅ’ ಸೇವಿಸಿದ ಸೌಮ್ಯರಲ್ಲಿ ಶೇಕಡಾ ೧೦, ಉಗ್ರರಲ್ಲಿ ಶೇಕಡಾ ೫೦ ಮಂದಿಗೆ ವ್ಯಾಧಿ ಮರುಕಳಿಸಿತೆನ್ನಿ. ‘ಆ’ ಸೇವಿಸಿದವರಲ್ಲಿ ಕ್ರಮವಾಗಿ ಶೇಕಡಾ ೫ ಮತ್ತು ೨೫. ಎರಡು ವರ್ಗಗಳಲ್ಲಿಯೂ ‘ಆ’ ಇಮ್ಮಡಿ ಮೇಲು. ಆದರೂ ಒಟ್ಟು ಕೂಡಿದರೆ ‘ಅ’ ಪಾಲಿಗೆ ೮+೧೦=೧೮, ‘ಆ’ ಪಾಲಿಗೆ ೧+೨೦=೨೧ ಮರುಕಳಿಕೆಗಳು! ಬರಿಯ ಮೊತ್ತವನ್ನು ನಂಬಿದವನು ಒಳ್ಳೆಯ ಮದ್ದನ್ನೇ ತಳ್ಳಿಬಿಡುತ್ತಾನೆ.

ಇದಕ್ಕೆ ಪರಿಹಾರವೇನು? ತಂತಿಯನ್ನು ಬೇಕಾದಂತೆ ಕತ್ತರಿಸುವ ಸ್ವಾತಂತ್ರ್ಯವಿಲ್ಲದಿದ್ದರೆ, ತುಂಡುಗಳ ರಾಶಿಯಿಂದ ಸಮಾನ ಉದ್ದ, ದಪ್ಪಗಳವನ್ನು ಹುಡುಕಿ ಜೋಡಿ ಮಾಡಬೇಕು. ಅಂತೆಯೇ ವಯಸ್ಸು, ವ್ಯಾಧಿಯ ಅವಧಿ, ಹಿಂದಿನ ಮರುಕಳಿಕೆಗಳು, ಅಂಗವೈಕಲ್ಯದ ಪ್ರಮಾಣ ಮುಂತಾದವುಗಳಿಂದ, ಇಂಥ ರೋಗಿಗೆ ಇಂಥ ಔಷಧ ದೊರೆಯುವ ಸಂಭಾವ್ಯತೆಯನ್ನು ಗಣಿಸಿ, ಅದು ಸಮವಾಗಿರುವವರನ್ನು ಹೋಲಿಸುತ್ತಾರೆ.

ಹಲವು ದೇಶಗಳ ರೋಗಿಗಳ ವಿವರಗಳಿರುವ ಎಂಎಸ್‌ಬೇಸ್ ದಾಖಲೆಯಿಂದ ೨೦೧೫ರಲ್ಲಿ ಹೀಗೆಯೇ ಒಂದು ತುಲನೆ ಪ್ರಕಟವಾಯಿತು. ಹಿಂದಿನ ಚುಚ್ಚುಮದ್ದುಗಳಿಗೆ ಬಗ್ಗದ ವ್ಯಾಧಿಯುಳ್ಳ, ಪರಸ್ಪರ ಸರಿಹೊಂದುವ ೫೭೮ ರೋಗಿಗಳನ್ನು ಆರಿಸಲಾಗಿತ್ತು. ವರ್ಷಕ್ಕೆ ಮರುಕಳಿಕೆಗಳ ಸರಾಸರಿಯು ನಟಾಲಿಜುಮ್ಯಾಬ್ ಪಡೆದವರಲ್ಲಿ ೧.೫ರಿಂದ ೦.೨ಕ್ಕೂ, ಫಿಂಗೋಲಿಮಾಡ್ ಪಡೆದವರಲ್ಲಿ ೧.೩ರಿಂದ ೦.೪ಕ್ಕೂ ಇಳಿಯಿತು. ಔಷಧವನ್ನು ಬದಲಿಸುವುದು ವ್ಯಾಧಿ ಉಲ್ಬಣಿಸಿದಾಗ. ಉಲ್ಬಣವು ಸ್ವಲ್ಪಮಟ್ಟಿಗೆ ತಾನಾಗಿಯೂ ತಗ್ಗುತ್ತದೆ. ಆದ್ದರಿಂದ ಇಳಿಕೆಯೆಲ್ಲವನ್ನೂ ಮದ್ದಿನ ಲೆಕ್ಕಕ್ಕೆ ಬರೆಯಲಾಗದು. ಗಮನಿಸತಕ್ಕದ್ದು ಎರಡು ಗುಂಪುಗಳ ನಡುವಿನ ಅಂತರ.

ಈ ವಿಧಾನಕ್ಕೂ ಮಿತಿಯಿದೆ. ತಂತಿಯ ಉದ್ದವನ್ನು ಅಳೆಯಬಹುದು. ಲೋಹದೊಳಗಿನ ಕಲಬೆರಕೆ ಕಣ್ಣಿಗೆ ಬೀಳದು. ದಾಖಲೆಯಲ್ಲಿ ಬರೆಯದ ಗುಣಗಳನ್ನು ಯಾವ ಗಣಿತವೂ ಸರಿದೂಗಿಸಲಾರದು. ಮೇಲಾಗಿ, ಮರುಕಳಿಕೆಯೊಂದೇ ಅಳತೆಗೋಲಲ್ಲ. ಮಿದುಳಿನ ಮಾರಕ ಸೋಂಕೊಂದು ಕೆಲವರಲ್ಲಿ ಕಂಡುಬಂದುದರಿಂದ ನಟಾಲಿಜುಮ್ಯಾಬ್‌ನ ಮಾರಾಟವನ್ನು ೨೦೦೫ರಲ್ಲಿ ನಿಲ್ಲಿಸಿ, ೨೦೦೬ರಲ್ಲಿ ಕಟ್ಟುನಿಟ್ಟಾದ ಎಚ್ಚರಿಕೆಗಳೊಡನೆ ಮರಳಿ ತರಲಾಯಿತು. ಆದುದರಿಂದ ‘ಈ ಔಷಧ ಮೇಲು’ ಎಂಬ ಮಾತನ್ನು ಕೇಳಿದೊಡನೆ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಹಾಕಬೇಕು: ಯಾರಲ್ಲಿ? ಯಾವುದಕ್ಕೆ ಹೋಲಿಸಿ? ಯಾವ ಅಪಾಯವನ್ನು ತೆತ್ತು?