ಬನಶಂಕರಿಗೆ ಹೊರಟವರಿಗೆ

ಬಾದಾಮಿಯ ಗುಹೆಗಳನ್ನು ಹತ್ತಿಳಿದು ದಣಿದವರು ಬನಶಂಕರಿ ಗುಡಿಗೆ ಹೋಗಿ ಕೈಮುಗಿದು ಹತ್ತೇ ನಿಮಿಷಕ್ಕೆ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಊರಿನಿಂದ ಸುಮಾರು 5 ಕಿಲೋಮೀಟರು, ಚೊಳಚಗುಡ್ಡದ ಹತ್ತಿರ. ಬೆಳಿಗ್ಗೆಯೇ ಹೋಗಿ, ಬಿಸಿಲೇರಿದರೆ ಕಲ್ಲುಹಾಸಿನ ಮೇಲೆ ಬರಿಗಾಲು ಊರಲಾಗದು. ಮೊದಲು ಗುಡಿಯ ಹೊಂಡ ಹರಿದ್ರಾತೀರ್ಥದ ಸುತ್ತಲಿನ ಸಾಲುಮಂಟಪದಲ್ಲಿ ಒಂದು ಸುತ್ತು ಹಾಕಿ, ದಡದ ದೀಪಗೋಪುರ ನೋಡಿ. (ಮಳೆ ಕೈಕೊಟ್ಟರೆ ಹೊಂಡ ಬತ್ತಿರುವುದೂ ಉಂಟು.) ಒಳಗೆ ಸಿಂಹವಾಹಿನಿ, ಎಂಟು ಕೈಗಳ ಕರಿಕಲ್ಲಿನ ಬನಶಂಕರಿ, ಅಂದರೆ ಶಾಕಂಬರಿ. ಚಾಲುಕ್ಯರ ಕಾಲದ ನೆಲೆ, ಈಗಿನ ಗುಡಿ 18ನೇ ಶತಮಾನದ್ದು. ರಥೋತ್ಸವ, ನಾಟಕ ಕಂಪನಿಗಳ ಗದ್ದಲ ಬೇಕಿದ್ದರೆ ಪುಷ್ಯಮಾಸದ ಬನದ ಹುಣ್ಣಿಮೆಗೆ ಬನ್ನಿ. ಪುರುಸೊತ್ತಿನ ದರ್ಶನಕ್ಕಾದರೆ ಜಾತ್ರೆಯ ದಿನಗಳು ಬೇಡವೇ ಬೇಡ. ಹೊರಗೆ ಬುಟ್ಟಿ ಇಟ್ಟುಕೊಂಡ ಅವ್ವಂದಿರು ಜೋಳದ ರೊಟ್ಟಿ, ಕೆಂಪು ಚಟ್ನಿ, ಕಾಳುಪಲ್ಯ, ಗಟ್ಟಿ ಮೊಸರು ಮಾರುತ್ತಾರೆ. ಹೋಟೆಲು ಹುಡುಕದೆ ಅಲ್ಲೇ ಕೂತು ಉಣ್ಣಿ, ಚೌಕಾಸಿಯೊಂದು ಮಾಡಬೇಡಿ.