ಜಾಝ್ ಕಲಿಕೆ: ಮನೋಧರ್ಮಕ್ಕೂ ಒಂದು ಪಠ್ಯಕ್ರಮ



ಮದುವೆ ಕಾಲ ಬಂತೆಂದರೆ ಪಟ್ಟನಾಯಕನಹಳ್ಳಿಯಿಂದ ಶಿರಾದವರೆಗೆ ಯಾವ ಕಲ್ಯಾಣ ಮಂಟಪದ ಮುಂದೆ ಹೋದರೂ ವಾಲಗದ ಸದ್ದು. ಈಗ ಎಷ್ಟೋ ಕಡೆ ವಾಲಗದಲ್ಲಿ ಡೋಲಿನ ಪಕ್ಕದಲ್ಲಿ ಬಾಗಿದ ಹಿತ್ತಾಳೆಯ ವಾದ್ಯವೊಂದು ಹೊಳೆಯುತ್ತದೆ. ಅದು ಸ್ಯಾಕ್ಸೋಫೋನ್. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬುವರು ಇದನ್ನು ರೂಪಿಸಿ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದರು. ನಮ್ಮೂರಲ್ಲಿ ಇದನ್ನು ನುಡಿಸುವವರನ್ನು "ವಾಲಗದವರು" ಎಂದು ಕರೆದು ಸುಮ್ಮನಾಗುತ್ತೇವೆ. ಇದೇ ವಾದ್ಯವನ್ನು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷ ಓದಿ ಪದವಿ ಪಡೆಯಬಹುದು, ಮುಂದೆ ಎಂ.ಎ.ಗೆ ಸಮನಾದ ಪದವಿಯೂ ಇದೆ, ಡಾಕ್ಟರೇಟೂ ಇದೆ. ಆ ಓದಿನಲ್ಲಿ ಮುಖ್ಯವಾದ ಒಂದು ವಿಷಯ ಜಾಝ್ ವಾದನ. ಅಲ್ಲಿ ಏನನ್ನು ಕಲಿಸುತ್ತಾರೆ, ಅದರಿಂದ ನಮಗೇನು ತಿಳಿಯುತ್ತದೆ ಎಂಬುದು ಈ ಸಲದ ಪಾಠ.

ಜಾಝ್ ಎಂದರೇನು?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳು ಬೆಳೆಸಿದ ಸಂಗೀತ ಇದು. ಇದರ ಜೀವಾಳ ಮನೋಧರ್ಮ, ಅಂದರೆ ಬರೆದಿಟ್ಟದ್ದನ್ನು ಒಪ್ಪಿಸದೆ ಆ ಕ್ಷಣದಲ್ಲೇ ಹೊಸದಾಗಿ ನುಡಿಸುವುದು. ಕವ್ವಾಲಿಯಲ್ಲಿ ಪಲ್ಲವಿಯನ್ನು ಬಿಟ್ಟು ಗಾಯಕರು ತಾನಿನಲ್ಲಿ ಸುತ್ತಾಡಿ ಮತ್ತೆ ಪಲ್ಲವಿಗೇ ಬಂದು ಸೇರುವುದನ್ನು ನೀವು ಕೇಳಿರುತ್ತೀರಿ. ಕರ್ನಾಟಕ ಸಂಗೀತದ ಕಲ್ಪನಾ ಸ್ವರವೂ ಹಾಗೆಯೇ. ಜಾಝ್‌ನಲ್ಲಿ ಮೊದಲು ಎಲ್ಲರೂ ಸೇರಿ ಮೂಲ ರಾಗವನ್ನು ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ತಮ್ಮ ಮನೋಧರ್ಮ ತೋರಿಸುತ್ತಾರೆ, ಕೊನೆಗೆ ಎಲ್ಲರೂ ಮತ್ತೆ ಮೂಲಕ್ಕೆ ಬರುತ್ತಾರೆ.

ಹಾಗಾದರೆ ಮನಸ್ಸಿಗೆ ಬಂದದ್ದನ್ನು ನುಡಿಸಬಹುದೇ? ಇಲ್ಲ. ಅತಿ ಸರಳವಾದ ಚೌಕಟ್ಟನ್ನು ನೋಡಿ. ಇದಕ್ಕೆ ಹನ್ನೆರಡು ಬಾರ್‌ಗಳ ಬ್ಲೂಸ್ ಎಂದು ಹೆಸರು. ಒಂದು ಬಾರ್‌ಗೆ 4 ಎಣಿಕೆ. 12 ಬಾರ್‌ಗೆ 48 ಎಣಿಕೆ. ಮೊದಲ 4 ಬಾರ್ ಷಡ್ಜದ ಮೇಲೆ ಕಟ್ಟಿದ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಮೂರು ನಾಲ್ಕು ಸ್ವರಗಳ ಗುಂಪು. 5 ಮತ್ತು 6ನೇ ಬಾರ್ ಮಧ್ಯಮದ ಕಾರ್ಡ್. 7, 8 ಮತ್ತೆ ಷಡ್ಜ. 9ನೆಯದು ಪಂಚಮ, 10ನೆಯದು ಮಧ್ಯಮ, 11 ಮತ್ತು 12 ಷಡ್ಜ. ಅಲ್ಲಿಂದ ಮತ್ತೆ ಮೊದಲಿಗೆ. ನುಡಿಸುವವನು ಏನೇ ಹೊಸದು ಹೇಳಿದರೂ ಆ ಹೊತ್ತಿನಲ್ಲಿ ಕೆಳಗೆ ಸಾಗುತ್ತಿರುವ ಕಾರ್ಡ್‌ಗೆ ಹೊಂದಬೇಕು, ಎಣಿಕೆ ತಪ್ಪಬಾರದು. ನಮ್ಮ ಆದಿತಾಳದ 8 ಎಣಿಕೆಯಲ್ಲಿ ಲೆಕ್ಕ ಹಾಕಿದರೆ ಈ 48 ಎಣಿಕೆ ಸರಿಯಾಗಿ 6 ಆವರ್ತ ಆಗುತ್ತದೆ. ಚೌಕಟ್ಟು ಬಿಗಿಯಾಗಿದೆ, ಅದರೊಳಗೆ ಮಾತು ಸ್ವತಂತ್ರವಾಗಿದೆ.

ವಿಶ್ವವಿದ್ಯಾಲಯದಲ್ಲಿ ಏನು ಕಲಿಸುತ್ತಾರೆ?

ಜಾಝ್ ಮೊದಲು ಕಾಲೇಜಿನ ವಿಷಯವಾಗಿರಲಿಲ್ಲ. ಹಿರಿಯರ ಪಕ್ಕದಲ್ಲಿ ನಿಂತು ಕಲಿಯುವ ವಿದ್ಯೆಯಾಗಿತ್ತು. 1945ರಲ್ಲಿ ಬಾಸ್ಟನ್ ನಗರದಲ್ಲಿ, ಮುಂದೆ ಬರ್ಕ್ಲೀ ಎಂದು ಹೆಸರಾದ ಶಾಲೆ ಆರಂಭವಾಯಿತು. 1947ರಲ್ಲಿ ಉತ್ತರ ಟೆಕ್ಸಾಸ್‌ನ ಕಾಲೇಜು ಈ ವಿಷಯದಲ್ಲಿ ಪದವಿ ತೆರೆಯಿತು. ಜಾಝ್ ಎಂಬ ಹೆಸರಿಗೆ ಆಗ ಅಷ್ಟು ಮರ್ಯಾದೆ ಇರಲಿಲ್ಲವಾದ್ದರಿಂದ ಅದನ್ನು ನೃತ್ಯ ಬ್ಯಾಂಡ್‌ನ ಪದವಿ ಎಂದು ಕರೆದರು. ವಾಲಗದವರು ಎಂದು ನಾವು ಹಗುರಾಗಿ ಕರೆಯುವಂತೆಯೇ ಅಲ್ಲಿಯೂ ಒಂದು ಕಾಲವಿತ್ತು ಎಂಬುದನ್ನು ಗಮನಿಸಿ.

ಇಂಥ ಪದವಿಗೆ ಸೇರಲು ಅಂಕಪಟ್ಟಿಯ ಜೊತೆಗೆ ಆಡಿಷನ್ ಇರುತ್ತದೆ. ಸಿದ್ಧಪಡಿಸಿಕೊಂಡ ಒಂದು ಕೃತಿ, ಅಲ್ಲೇ ನುಡಿಸುವ ಮನೋಧರ್ಮ, ಮುಂದಿಟ್ಟ ಸ್ವರಲಿಪಿಯನ್ನು ನೋಡಿದ ಕೂಡಲೇ ಓದುವುದು, ಕೇಳಿದ್ದನ್ನು ತಿರುಗಿ ನುಡಿಸುವುದು: ಸಾಮಾನ್ಯವಾಗಿ ಈ ನಾಲ್ಕನ್ನೂ ಪರೀಕ್ಷಿಸುತ್ತಾರೆ.

ಸೇರಿದ ಮೇಲೆ ಓದು ಹೀಗೆ ನಡೆಯುತ್ತದೆ. ವಾರಕ್ಕೊಮ್ಮೆ ಗುರುವಿನ ಮುಂದೆ ಒಬ್ಬರೇ ಕೂತು ಪಾಠ. ಕಿವಿಯನ್ನು ಹದಗೊಳಿಸುವ ತರಗತಿ. ಕಾರ್ಡ್‌ಗಳ ಶಾಸ್ತ್ರ. ಯಾವ ವಾದ್ಯದವರಾದರೂ ಸ್ವಲ್ಪ ಪಿಯಾನೋ. ಚರಿತ್ರೆ. ಐದಾರು ಜನರ ತಂಡದಲ್ಲಿ ತಾಲೀಮು. ಸೆಮಿಸ್ಟರ್ ಕೊನೆಗೆ ಅಧ್ಯಾಪಕರ ಮಂಡಳಿಯ ಮುಂದೆ ವಾದನ. ಕೊನೆಯ ವರ್ಷ ಪೂರ್ಣ ಕಛೇರಿ.

ಇವೆಲ್ಲದರ ಬೆನ್ನೆಲುಬು ಒಂದು ಅಭ್ಯಾಸ: ಕೇಳಿ ಬರೆಯುವುದು. ಹಿರಿಯ ವಾದಕರೊಬ್ಬರ ಧ್ವನಿಮುದ್ರಣವನ್ನು ತೆಗೆದುಕೊಂಡು, ಎರಡು ಮೂರು ಸೆಕೆಂಡಿನ ತುಣುಕನ್ನು ಹತ್ತಾರು ಸಲ ಕೇಳಿ, ಮೊದಲು ಬಾಯಲ್ಲಿ ಹಾಡಿ, ಆಮೇಲೆ ವಾದ್ಯದಲ್ಲಿ ನುಡಿಸಿ, ಕೊನೆಗೆ ಕಾಗದಕ್ಕೆ ಇಳಿಸುವುದು. ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ ತುಣುಕನ್ನು 12 ಶ್ರುತಿಗಳಲ್ಲೂ ನುಡಿಸಬೇಕು. ಸ್ಯಾಕ್ಸೋಫೋನ್‌ನಲ್ಲಿ ಶ್ರುತಿ ಬದಲಾದಂತೆ ಬೆರಳಿನ ಜೋಡಣೆಯೇ ಬದಲಾಗುವುದರಿಂದ ಪ್ರತಿ ಸಲವೂ ಹೊಸದಾಗಿ ಕಲಿತಂತೆ. ಮದರಸಾದಲ್ಲಿ ಉಸ್ತಾದರ ಬಾಯಿಂದ ಕೇಳಿ, ಅಕ್ಷರ ಅಕ್ಷರಕ್ಕೂ ತಿದ್ದಿಸಿಕೊಂಡು ಕಲಿತವರಿಗೆ ಕಿವಿಯ ಕಲಿಕೆಯ ಕಷ್ಟ ಗೊತ್ತು. ಎರಡನ್ನೂ ಒಂದೇ ಎಂದು ಹೇಳುತ್ತಿಲ್ಲ. ಕಲಿಯುವವರ ತಾಳ್ಮೆಯ ಮಾತು ಮಾತ್ರ.

ಜಾಝ್‌ನ ಅತಿ ದೊಡ್ಡ ಸ್ಯಾಕ್ಸೋಫೋನ್ ವಾದಕರಲ್ಲಿ ಒಬ್ಬರಾದ ಚಾರ್ಲಿ ಪಾರ್ಕರ್, ತಾವು ಮೂರು ನಾಲ್ಕು ವರ್ಷ ದಿನಕ್ಕೆ 11ರಿಂದ 15 ಗಂಟೆ ಅಭ್ಯಾಸ ಮಾಡಿದ್ದಾಗಿ ಸಂದರ್ಶನವೊಂದರಲ್ಲಿ ಹೇಳಿದ್ದರು. ಕೇಳುವವರಿಗೆ ಅವರ ವಾದನ ಆ ಕ್ಷಣದಲ್ಲಿ ಹುಟ್ಟಿದಂತೆ ಕಾಣುತ್ತಿತ್ತು. ಅದರ ಬೇರು ಆ ಗಂಟೆಗಳಲ್ಲಿತ್ತು.

ಎರಡು ಬೇರೆ ದಾರಿ, ಒಂದೇ ವಾದ್ಯ

ಕದ್ರಿ ಗೋಪಾಲನಾಥ್ 1949ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನಲ್ಲಿ ಹುಟ್ಟಿದರು. ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ಕೇಳಿ ಹುಡುಗ ಮನಸೋತ. ಆದರೆ ಈ ವಾದ್ಯಕ್ಕೆ ಕೀಲಿಗಳಿವೆ. ಕೀಲಿಗಳ ಒಂದೊಂದು ಜೋಡಣೆಗೆ ಒಂದೊಂದು ಸ್ವರ. ಕರ್ನಾಟಕ ಸಂಗೀತಕ್ಕೆ ಬೇಕಾದ ಗಮಕ ಸ್ವರ ಸ್ವರಗಳ ನಡುವೆ ಜಾರುವಂಥದು. ಉಸಿರು ಮತ್ತು ತುಟಿಯ ಹಿಡಿತದಿಂದ ಅದನ್ನು ಸಾಧಿಸಲು ವರ್ಷಗಟ್ಟಲೆ ಶ್ರಮಿಸಿದರು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಗುರುಗಳು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರ ಜೊತೆ ನುಡಿಸಿದರು. 1994ರಲ್ಲಿ ಲಂಡನ್‌ನ ಬಿಬಿಸಿ ಪ್ರಾಮ್ಸ್ ಕಛೇರಿಗೆ ಆಹ್ವಾನ ಬಂತು. 2004ರಲ್ಲಿ ಪದ್ಮಶ್ರೀ. 2019ರಲ್ಲಿ ತೀರಿಕೊಂಡರು.

ರುದ್ರೇಶ್ ಮಹಂತಪ್ಪ 1971ರಲ್ಲಿ ಇಟಲಿಯಲ್ಲಿ ಹುಟ್ಟಿ ಅಮೆರಿಕದ ಕೊಲೊರಾಡೊ ರಾಜ್ಯದ ಬೋಲ್ಡರ್‌ನಲ್ಲಿ ಬೆಳೆದವರು. ಕುಟುಂಬ ಕರ್ನಾಟಕ ಮೂಲದ್ದು. ತಂದೆ ಭೌತಶಾಸ್ತ್ರದ ಪ್ರಾಧ್ಯಾಪಕರು. ಉತ್ತರ ಟೆಕ್ಸಾಸ್‌ನಲ್ಲಿ ಓದು ಆರಂಭಿಸಿ, ಬರ್ಕ್ಲೀಯಲ್ಲಿ ಜಾಝ್ ವಾದನದ ಪದವಿ ಪಡೆದು, ಷಿಕಾಗೊದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಜಾಝ್ ರಚನೆಯ ಸ್ನಾತಕೋತ್ತರ ಪದವಿ ಮುಗಿಸಿದರು. ಹೆಸರು ಮತ್ತು ಮೈಬಣ್ಣ ನೋಡಿದವರು ಇವರಿಗೆ ಭಾರತೀಯ ಸಂಗೀತ ಗೊತ್ತಿರಲೇಬೇಕು ಎಂದುಕೊಳ್ಳುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ. ಬರ್ಕ್ಲೀಯಲ್ಲಿದ್ದಾಗ ಸಹೋದರ ತಮಾಷೆಗೆಂದು ಕೊಟ್ಟ ಆಲ್ಬಮ್ ಒಂದು ಅವರನ್ನು ಬೆರಗುಗೊಳಿಸಿತು. ಅದು ಕದ್ರಿಯವರದು.

2007ರಲ್ಲಿ ರುದ್ರೇಶ್ ಅವರಿಗೆ ಗುಗನ್‌ಹೈಮ್ ಫೆಲೋಶಿಪ್ ಸಿಕ್ಕಿತು. 2008ರಲ್ಲಿ ಇಬ್ಬರೂ ಸೇರಿ ನುಡಿಸಿದ "ಕಿನ್ಸ್‌ಮೆನ್" ಆಲ್ಬಮ್ ಹೊರಬಂತು. ಆ ಹೆಸರಿಗೆ ಬಂಧುಗಳು ಎಂದರ್ಥ. ಅದರಲ್ಲಿ ಗಿಟಾರ್ ನುಡಿಸಿದವರು ಕರಾಚಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ರೆಜ್ ಅಬ್ಬಾಸಿ, ಪಿಟೀಲು ಎ. ಕನ್ಯಾಕುಮಾರಿ. ರುದ್ರೇಶ್ 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರಾದರು.

ಇದರಲ್ಲಿ ನಾವು ಕಾಣಬೇಕಾದದ್ದು ಏನು? ಎರಡು ವಿಶ್ವವಿದ್ಯಾಲಯಗಳ ಪದವಿ ಇದ್ದವರು, ಅಂಥ ಕಾಲೇಜಿನ ಮೆಟ್ಟಿಲು ಹತ್ತದ ಹಿರಿಯರನ್ನು ಹುಡುಕಿಕೊಂಡು ಬಂದರು. ಪದವಿ ಅವರಿಗೆ ಓದುವ, ಬರೆಯುವ, ಕಾರ್ಡ್‌ಗಳನ್ನು ಬಿಡಿಸಿ ನೋಡುವ ಶಕ್ತಿ ಕೊಟ್ಟಿತ್ತು. ಯಾರ ಹತ್ತಿರ ಏನನ್ನು ಕಲಿಯಬೇಕು ಎಂದು ಗುರುತಿಸಿದ್ದು ಅವರದೇ ಕಿವಿ.

ಯೂಸೆಫ್ ಲತೀಫ್

ಮುಸ್ಲಿಂ ಮನೆಯ ಮಕ್ಕಳಿಗೆ ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ವಾದ್ಯ ಸಂಗೀತದ ಬಗ್ಗೆ ಉಲೇಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಆ ತೀರ್ಮಾನ ಈ ಲೇಖನದ್ದಲ್ಲ. ನಿಮ್ಮ ಮನೆಯ ಹಿರಿಯರನ್ನು, ಬಲ್ಲವರನ್ನು ಕೇಳಿ. ಆದರೆ ಈ ಪ್ರಶ್ನೆಯನ್ನು ಜೀವನವಿಡೀ ಹೊತ್ತು ನಡೆದ ಒಬ್ಬರ ಪರಿಚಯ ನಿಮಗಿರಲಿ.

1920ರಲ್ಲಿ ಹುಟ್ಟಿದ ಯೂಸೆಫ್ ಲತೀಫ್ ಅಮೆರಿಕದ ಹೆಸರಾಂತ ಸ್ಯಾಕ್ಸೋಫೋನ್ ಮತ್ತು ಕೊಳಲು ವಾದಕರು. 1940ರ ದಶಕದ ಕೊನೆಯಲ್ಲಿ ಇಸ್ಲಾಂ ಸ್ವೀಕರಿಸಿದರು. ಹೆಸರು ಗಳಿಸಿದ ಮೇಲೂ ಓದು ಬಿಡಲಿಲ್ಲ. ಐವತ್ತರ ಅಂಚಿನಲ್ಲಿ, 1969ರಲ್ಲಿ, ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಸಂಗೀತ ಶಾಲೆಯಿಂದ ಪದವಿ, ಮರುವರ್ಷ ಸ್ನಾತಕೋತ್ತರ ಪದವಿ ಪಡೆದರು. 1975ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಿಂದ ಶಿಕ್ಷಣಶಾಸ್ತ್ರದ ಡಾಕ್ಟರೇಟ್; ಪ್ರಬಂಧದ ವಿಷಯ ಪಾಶ್ಚಾತ್ಯ ಮತ್ತು ಇಸ್ಲಾಮಿಕ್ ಶಿಕ್ಷಣ. ಜಾಝ್ ಎಂಬ ಪದವನ್ನು ಅವರು ಒಪ್ಪುತ್ತಿರಲಿಲ್ಲ. ಮದ್ಯ ಮಾರುವ ಕಡೆ ನುಡಿಸುವುದನ್ನು ಕೊನೆಗೆ ನಿಲ್ಲಿಸಿಯೇಬಿಟ್ಟರು. ಮುಂದೆ ಅದೇ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ತನ್ನ ನಿಯಮವನ್ನು ತಾನೇ ಹಾಕಿಕೊಂಡು, ಅದಕ್ಕೆ ನಷ್ಟವಾದರೂ ಬದ್ಧನಾಗಿ ಬಾಳುವುದು ಹೇಗೆ ಎಂಬುದಕ್ಕೆ ಅವರು ಉದಾಹರಣೆ.

ನಮ್ಮ ಕಡೆಯವರಿಗೆ ದಾರಿ

ಪಿಯುಸಿಯಲ್ಲಿ ಯಾವ ವಿಭಾಗ ಓದಿದರೂ ಸಂಗೀತದ ಬಾಗಿಲು ಮುಚ್ಚುವುದಿಲ್ಲ. ಕರ್ನಾಟಕ ಅಥವಾ ಹಿಂದೂಸ್ತಾನಿ ಸಂಗೀತದ ಪದವಿಗೆ ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇದೆ. ಪಾಶ್ಚಾತ್ಯ ಪದ್ಧತಿಗೆ, ಎ.ಆರ್. ರಹಮಾನ್ 2008ರಲ್ಲಿ ಚೆನ್ನೈಯಲ್ಲಿ ಆರಂಭಿಸಿದ ಕೆ.ಎಂ. ಸಂಗೀತ ಶಾಲೆ ಇದೆ. ಲಂಡನ್‌ನ ಟ್ರಿನಿಟಿ ಕಾಲೇಜಿನ 1ರಿಂದ 8ರವರೆಗಿನ ಶ್ರೇಣಿ ಪರೀಕ್ಷೆಗಳನ್ನು ಬೆಂಗಳೂರಿನಲ್ಲೇ ಬರೆಯಬಹುದು.

ಕಷ್ಟವನ್ನೂ ಹೇಳಬೇಕು. ವಾದ್ಯ ದುಬಾರಿ, ವಿದೇಶದ ಶುಲ್ಕ ಇನ್ನೂ ದುಬಾರಿ. ಆಡಿಷನ್ ಆಧಾರದ ವಿದ್ಯಾರ್ಥಿವೇತನಗಳಿವೆ, ಆದರೆ ಪೈಪೋಟಿ ಜೋರು. ಆದ್ದರಿಂದ ಪಿಯುಸಿಯನ್ನು ಅರ್ಧಕ್ಕೆ ಬಿಡುವ ಮಾತು ಬೇಡ.

ಅಭ್ಯಾಸ

1. ಇಬ್ಬರು ಗೆಳೆಯರು ಕೂತು 4 ಎಣಿಕೆಯ 12 ಬಾರ್‌ಗಳನ್ನು ಚಪ್ಪಾಳೆಯಲ್ಲಿ ಎಣಿಸಿ. ಒಬ್ಬರು ಎಣಿಸುವಾಗ ಇನ್ನೊಬ್ಬರು ಇಂದಿನ ಪಾಠವನ್ನು ವಿವರಿಸಲಿ. ಮಾತು 48ನೇ ಎಣಿಕೆಗೆ ಸರಿಯಾಗಿ ಮುಗಿಯಬೇಕು.

2. ಗಣಿತ ಅಥವಾ ಭೌತಶಾಸ್ತ್ರದ ಒಂದು ಲೆಕ್ಕವನ್ನು ನೋಡಿ ಬಿಡಿಸಿ, ಪುಸ್ತಕ ಮುಚ್ಚಿ ಬಿಡಿಸಿ, ಆಮೇಲೆ ಅಂಕಿಗಳನ್ನು ಬದಲಿಸಿ ಬಿಡಿಸಿ. ಇದೇ ನಿಮ್ಮ 12 ಶ್ರುತಿ.

3. ನಿಮ್ಮ ಊರಿನ ವಾಲಗದವರೊಬ್ಬರನ್ನು ಭೇಟಿಯಾಗಿ, ಯಾರ ಹತ್ತಿರ ಕಲಿತಿರಿ, ದಿನಕ್ಕೆ ಎಷ್ಟು ಹೊತ್ತು ಸಾಧನೆ ಮಾಡುತ್ತೀರಿ ಎಂದು ಕೇಳಿ ಒಂದು ಪುಟ ಬರೆದು ತನ್ನಿ.

ಕೊನೆಯದಾಗಿ ಒಂದು ಮಾತು. ರಾತ್ರಿ ಮನೆಯವರ ಜೊತೆ ವಾಲಗಕ್ಕೋ ಬ್ಯಾಂಡ್‌ಸೆಟ್‌ಗೋ ಹೋಗಿ, ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ವಿದ್ಯಾರ್ಥಿ ನಮ್ಮ ನಡುವೆ ಇದ್ದರೆ, ರಜಾ ಅರ್ಜಿಯಲ್ಲಿ ಜ್ವರ ಎಂದು ಬರೆಯಬೇಡಿ. ವಾದನಕ್ಕೆ ಹೋಗಿದ್ದೆ ಎಂದೇ ಬರೆಯಿರಿ. ಅದೂ ವಿದ್ಯೆಯೇ. ಬಿಟ್ಟುಹೋದ ಪಾಠವನ್ನು ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೇಳಿ ಬರೆದುಕೊಂಡರಾಯಿತು.